ಅಪ್ಪನ ಕಪ್ಪು ಕೋಟು

ಅಪ್ಪಾ,

ಈ ಪತ್ರ ನಿನ್ನನ್ನು ತಲುಪುವುದಿಲ್ಲ, ಗೊತ್ತು. ಆದರೂ ಇವತ್ತಿನ ಸುದ್ದಿಯನ್ನು ಇನ್ಯಾರಿಗೆ ಹೇಳಲಿ?

ಸೋರಿಯಾಸಿಸ್ ಎಂಬ ಚರ್ಮರೋಗ ಇರುವವರ ಅಂತರರಾಷ್ಟ್ರೀಯ ಸಭೆಯಲ್ಲಿ ಭಾಷಣಗಳನ್ನು ಆಗಿಂದಾಗಲೇ ಅನುವಾದಿಸಿ ಹೇಳುವ ಕೆಲಸ ಸಿಕ್ಕಿತ್ತು. ನಲವತ್ತು ದೇಶಗಳ ರೋಗಿಗಳದು ಒಂದೇ ಒತ್ತಾಯ: ಔಷಧಿ ಎಲ್ಲರಿಗೂ ಸಿಗಬೇಕು, ನಮ್ಮನ್ನು ಕಂಡು ಯಾರೂ ಸರಿದು ಕೂರಬಾರದು. ನಿವೃತ್ತ ಬಸ್ ಚಾಲಕಿಯೊಬ್ಬರು ಮಾತಿಗೆ ನಿಂತರು. ನಮ್ಮ ಕೆಲಸದಲ್ಲಿ ಅವರ ‘ನಾನು’ ನನ್ನ ಬಾಯಲ್ಲೂ ‘ನಾನು’ ಆಗಿಯೇ ಬರಬೇಕು. ಮೈಕಿನಲ್ಲಿ ಹೇಳಿದೆ: “ನಾನು ಕಪ್ಪು ಬಟ್ಟೆ ಹಾಕೋದೇ ಇಲ್ಲ. ಹೆಗಲ ಮೇಲೆ ಉದುರಿದ ಹೊಟ್ಟು ಎಲ್ಲರಿಗೂ ಕಾಣುತ್ತೆ. ಕಾರಣ ಮಗಳಿಗೂ ಹೇಳಿಲ್ಲ.”

ಹೇಳುತ್ತಿದ್ದಂತೆಯೇ ನಿನ್ನ ಕೋಟು ನೆನಪಾಯಿತು.

ನನ್ನ ಮೊದಲ ಸಂಬಳದಲ್ಲಿ ತಂದುಕೊಟ್ಟ ಕಪ್ಪು ಕೋಟನ್ನು ನೀನು ಒಂದು ದಿನವೂ ಹಾಕಲಿಲ್ಲ. “ಸೆಕೆ ಆಗುತ್ತಮ್ಮಾ” ಎನ್ನುತ್ತಿದ್ದೆ. ನಾನು ಮುಖ ಊದಿಸಿಕೊಂಡೆ. ಆಮೇಲೆ ನಿನಗೆಂದು ಏನನ್ನೂ ತರಲಿಲ್ಲ. ಉದ್ದ ತೋಳಿನೊಳಗೆ ನೀನು ಮುಚ್ಚಿಡುತ್ತಿದ್ದ ಕಲೆಗಳನ್ನು ಕಂಡಿದ್ದರೂ ಕೋಟು ಹಾಕದ ಕಾರಣ ಇದೆಂದು ಹೊಳೆದಿರಲಿಲ್ಲ.

ಮನೆಗೆ ಬಂದವಳೇ ಬೀರು ತೆರೆದೆ. ಕೋಟಿನ ಒಳಜೇಬಿನಲ್ಲಿ ಬಟ್ಟೆಯ ಧೂಳು ತೆಗೆಯುವ ಪುಟ್ಟ ಬ್ರಷ್ ಇತ್ತು. ಅದರ ಎಳೆಗಳ ನಡುವೆ ಬಿಳಿ ಹೊಟ್ಟು.

ಅಂದರೆ, ನಾನಿಲ್ಲದಾಗ ನೀನದನ್ನು ಹಾಕಿ ನೋಡಿದ್ದೆ. ಎದೆಯ ಮೇಲಿನ ಕಲ್ಲು ಇಳಿಯಿತು, ಅಪ್ಪಾ.

ಅದರಲ್ಲಿ ಚೆನ್ನಾಗಿ ಕಂಡಿರುತ್ತೀಯ.