ಮಾಳಮಡ್ಡಿಯ ವಿಮಾನ

ಶ್ರೀ

ಅಮ್ಮಿನಬಾವಿ
೧೦ ನವೆಂಬರ್ ೨೦೦೩

ಕಲ್ಲೇಶ ಅವರಿಗೆ,

ಗಂಡನ ಹೆಸರು ಹಿಡಿದು ಬರೆದಿದ್ದೇನೆ. ನಮ್ಮವ್ವ ನೋಡಿದರೆ ಬಾಯಿ ಬಾಯಿ ಬಡಿದುಕೊಳ್ಳುತ್ತಾಳೆ, ಬಡಿದುಕೊಳ್ಳಲಿ. 'ಪತಿದೇವರ ಪಾದಗಳಿಗೆ' ಎಂದು ಬರೆಯಲು ಕೈ ಏಳಲಿಲ್ಲ. ನಾನು ಇಲ್ಲಿ ಕ್ಷೇಮ. ನೀವು ಅಲ್ಲಿ ಕ್ಷೇಮವೆಂದು ನಿಮ್ಮ ಪತ್ರದಿಂದ ತಿಳಿಯಿತು. ಚಿಂತೆಯಲ್ಲಿದ್ದ ಮನುಷ್ಯ ಇಷ್ಟು ದೊಡ್ಡ ಮನಸ್ಸು ಮಾಡಿ ಹೆಂಡತಿಯನ್ನು ಕ್ಷಮಿಸುವುದಿಲ್ಲ. ಉತ್ತರ ತಡವಾಯಿತು. ಪತ್ರ ದೀಪಾವಳಿಗೆ ಮೊದಲೇ ಬಂದಿತ್ತು. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಮಡಚಿ ಇಟ್ಟೆ. ಇಳಿಯಲಿಲ್ಲ, ಹಾಗೆಯೇ ಬರೆಯುತ್ತಿದ್ದೇನೆ.

ನೀವು ಕೇಳಿದ್ದು ಒಂದೇ ಮಾತು, ಯಾವಾಗ ಬರುತ್ತೀ ಎಂದು. ಬರುವುದಿಲ್ಲ.

ನಿಮ್ಮ ಸ್ನೇಹಿತ ಫರಾಜ ಅವರು ಹುಬ್ಬಳ್ಳಿಯಿಂದ ಹೊಸ ಬೋರ್ಡು ತಂದು ಎಲ್ಲ ರಿಪೇರಿ ಮಾಡಿಕೊಟ್ಟರು, ವಿಮಾನ ಮೊದಲಿಗಿಂತ ಛಲೋ ಹಾರುತ್ತಿದೆ ಎಂದು ಒಂದೂವರೆ ಪುಟ ಬರೆದಿದ್ದೀರಿ. ಸಂತೋಷ. ಇನ್ನು ಮುಂದೆ ನನ್ನನ್ನು ಬಲಗಡೆಯ ಸೀಟಿನಲ್ಲಿ ಕೂಡಿಸಿಕೊಳ್ಳುತ್ತೀರಂತೆ. ಆ ಸೀಟು ಗುಜರಿಗೆ ಬಿದ್ದ ಯಾವುದೋ ಮಾರುತಿ ವ್ಯಾನಿನದು, ಅದರ ಹರಿದ ಕವರು ಹೊಲಿದವಳು ನಾನು. ನನ್ನ ಹೊಲಿಗೆಯ ಮೇಲೆ ನನ್ನನ್ನೇ ಕೂಡಿಸಿ ಉಪಕಾರ ಮಾಡುವುದು ಬೇಡ.

ನಿಮ್ಮ ಹುಚ್ಚಿಗೆ ನಾನು ಎಂದಾದರೂ ಅಡ್ಡ ಬಂದೆನೇ, ಹೇಳಿರಿ. ಮೊದಲು ಒಂದು ಕಂಪ್ಯೂಟರ್ ಬಂತು, ವಿಮಾನ ಹಾರಿಸುವ ಆಟದ ಒಂದು ಸಿ.ಡಿ. ಬಂತು. ಆಮೇಲೆ ಸ್ಕೂಟರಿನ ಹಳೆಯ ಹ್ಯಾಂಡಲ್ಲು ವಿಮಾನದ ಹಿಡಿಕೆಯಾಯಿತು. ಹಳೆಯ ಕೀಬೋರ್ಡಿನ ಹೊಟ್ಟೆ ಸೀಳಿ ವೈರು ಎಳೆದು, ಮನೆಗೆ ಹಾಕುವ ಸ್ವಿಚ್ಚುಗಳಿಗೆ ಕೂಡಿಸಿದಿರಿ. ಪ್ಲೈವುಡ್ಡಿಗೆ ಬೂದು ಬಣ್ಣ ಬಳಿದು ಮಾಳಮಡ್ಡಿಯ ಮನೆಯ ಒಳಕೋಣೆಯ ತುಂಬ ವಿಮಾನದ ಮೂತಿ ಕಟ್ಟಿದಿರಿ. ನನ್ನ ಟ್ರಂಕು ಪಡಸಾಲೆಗೆ ಬಂತು. ಸವದತ್ತಿಯ ಬಸ್ಸಿನಲ್ಲಿ ಕಿಟಕಿ ಸಿಗದಿದ್ದರೆ ವಾಂತಿ ಮಾಡುವ ಮನುಷ್ಯ ದಿನಾ ಸಂಜೆ ಮುಂಬೈಯಿಂದ ದಿಲ್ಲಿಗೆ ಹಾರುವುದನ್ನು ನೋಡಿ ನಗು ಬರುತ್ತಿತ್ತು, ನಿಜ. ಅತ್ತೆಯವರು ಅಡುಗೆಮನೆಯಿಂದ "ಊಟಕ್ಕ ಬರತಾನೇನು ನೋಡ" ಎಂದರೆ ನಾನೇ "ಇನ್ನ ಕೆಳಗ ಇಳದಿಲ್ರೀ" ಎಂದು ಹೇಳಿ ರೊಟ್ಟಿ ಮುಚ್ಚಿಡುತ್ತಿದ್ದೆ. ಬೇರೆ ಗಂಡಸರು ಇಸ್ಪೀಟು ಆಡುತ್ತಾರೆ, ಇವರು ಮನೆಯಲ್ಲಾದರೂ ಇರುತ್ತಾರಲ್ಲ ಎಂದುಕೊಂಡೆ. ಅದು ನನ್ನ ದಡ್ಡತನ.

ದಸರೆಯ ಖಂಡೇಪೂಜೆಗೆ ಮೊದಲು ಒಂದು ತಿಂಗಳು ಕೋಣೆಗೆ ಕೀಲಿ ಹಾಕಿದಿರಿ. ಕೆಲಸ ಮುಗಿಯುವ ತನಕ ಯಾರೂ ನೋಡಕೂಡದು, ಪೂಜೆಯ ದಿನವೇ ಬಾಗಿಲು ತೆಗೆಯುವುದು ಎಂದಿರಿ. ಆಫೀಸಿನವರನ್ನೆಲ್ಲ ಕರೆದಿರಿ. ನಾನು ಇಳಿಗೆ, ಕೊಡಲಿ, ಹೊಲಿಗೆ ಯಂತ್ರ, ಸ್ಕೂಟರು ಎಲ್ಲದಕ್ಕೂ ವಿಭೂತಿ ಕುಂಕುಮ ಹಚ್ಚಿ ಕೊನೆಗೆ ನಿಮ್ಮ ವಿಮಾನಕ್ಕೆ ಬಂದೆ. ಎಲ್ಲರೂ ಬಾಗಿಲಲ್ಲಿ ಮುಗಿಬಿದ್ದು ನೋಡುತ್ತಿದ್ದರು. ಆಮೇಲೆ ಆದದ್ದು ನಿಮಗೆ ಗೊತ್ತು. ತಂಬಿಗೆಯ ನೀರಷ್ಟೂ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಹೋಯಿತು, ಚಟ್ ಅಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು.

"ಬಿ.ಎ. ಮಾಡಿದ ಹೆಣಮಗಳು, ಕರೆಂಟಿಗೆ ನೀರು ಹಾಕಬಾರದಂತ ಇಷ್ಟೂ ತಿಳ್ಯೂದಿಲ್ಲೇನು ನಿನಗ?" ಎಂದು ಅಷ್ಟೂ ಜನರ ಮುಂದೆ ಕೇಳಿದಿರಿ. ಅತ್ತೆಯವರು, ಪೂಜೆ ಅಂದ ಮೇಲೆ ನೀರು ಬೀಳುತ್ತದೆ, ಪಾಪ ಆಕೆಗೇನು ಗೊತ್ತು ಎಂದು ನನ್ನ ಪರ ಮಾತಾಡಿದರು. ಈಗ ನಿಮ್ಮ ಪತ್ರದಲ್ಲೂ ಅದೇ ಪಾಪ: 'ತಿಳಿಯದೆ ಮಾಡಿದ್ದೀ, ಮನಸ್ಸಿಗೆ ಹಚ್ಚಿಕೊಳ್ಳಬೇಡ.'

ನನಗೆ ತಿಳಿಯುತ್ತದೆ, ಕಲ್ಲೇಶ ಅವರೇ. ತಂಬಿಗೆ ಕೈ ಜಾರಲಿಲ್ಲ. ಬೇಕೆಂದೇ ಸುರುವಿದೆ. ಇನ್ನೊಂದು ತಂಬಿಗೆ ಹತ್ತಿರವಿದ್ದರೆ ಅದನ್ನೂ ಸುರುವುತ್ತಿದ್ದೆ. ನಿಮ್ಮ ಕ್ಷಮೆಯನ್ನು ಇದರ ಜೊತೆ ವಾಪಸು ಕಳಿಸುತ್ತಿದ್ದೇನೆ, ಇಟ್ಟುಕೊಳ್ಳಿರಿ.

ಮರುದಿನ ಊರೆಲ್ಲ ಬನ್ನಿ ಹಂಚುತ್ತಿತ್ತು. ಒಂದು ಮಾತು ಕೇಳುತ್ತೀರಿ, ಯಾಕೆ ಹಾಗೆ ಮಾಡಿದೆ ಎಂದು ಒಂದೇ ಮಾತು ಕೇಳುತ್ತೀರಿ ಎಂದು ನಾನೂ ಬನ್ನಿ ಹಿಡಿದು ಕೋಣೆಗೆ ಬಂದೆ. ನೀವು ಸುಟ್ಟ ವೈರು ಬಿಚ್ಚುತ್ತ ಕೂತಿದ್ದಿರಿ. ಎಡಗೈ ಚಾಚಿ ಬನ್ನಿ ತೆಗೆದುಕೊಂಡಿರಿ, ತಲೆ ಎತ್ತಲಿಲ್ಲ. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದು ಹೇಳುವವರು ಬೇಕಲ್ಲ ಅದಕ್ಕೆ? ಅಂದೇ ಬಸ್ಸು ಹತ್ತಿದೆ.

ಇಲ್ಲಿಯ ಸುದ್ದಿ ಹೆಚ್ಚೇನಿಲ್ಲ. ಕಡಲೆ ಬಿತ್ತಿದ್ದು ಮುಗಿದಿದೆ. ಅಪ್ಪ ಏನೂ ಕೇಳುವುದಿಲ್ಲ, ಅವ್ವ ಕೇಳುವುದನ್ನು ಬಿಡುವುದಿಲ್ಲ. ಗಂಡ ಹೊಡೆಯುತ್ತಾನೇನು, ಕುಡಿಯುತ್ತಾನೇನು ಎನ್ನುತ್ತಾಳೆ. ಇಲ್ಲ, ವಿಮಾನ ಹಾರಿಸುತ್ತಾರೆ ಎಂದರೆ ನನಗೇ ತಲೆ ಕೆಟ್ಟಿದೆ ಎಂದು ತಿಳಿದು ಯಂತ್ರ ಕಟ್ಟಿಸುವ ಮಾತಾಡುತ್ತಾಳೆ.

ಅತ್ತೆಯವರ ಮೊಣಕಾಲಿಗೆ ದಿನಾ ಎಣ್ಣೆ ಕಾಸಿ ಹಚ್ಚಿರಿ. ಹಾರಾಟದ ನಡುವೆ ಆಗುವುದಿಲ್ಲವೆಂದರೆ ಹಾರುವ ಮೊದಲು ಹಚ್ಚಿರಿ. ಅವರ ಪಾದಗಳಿಗೆ ನನ್ನ ನಮಸ್ಕಾರ, ಇದು ಮನಸ್ಸಿನಿಂದ. ಫರಾಜ ಅವರ ಮನೆಯಲ್ಲಿ ಎಲ್ಲರಿಗೂ ದೇವರು ಒಳ್ಳೆಯದು ಮಾಡಲಿ. ನಿಮಗೂ ಮಾಡಲಿ, ನಾನು ಬೇಡವೆನ್ನುವುದಿಲ್ಲ.

ಇತಿ,
ಸುಮಲತಾ

ತಾ.ಕ.: ಯಾಕೆ ಎಂದು ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ತಲೆಯ ಮೇಲಿನ ಸ್ವಿಚ್ಚಿನ ಹಲಗೆಗೆ ಹೂ ಏರಿಸಲು ಅಂದು ಕತ್ತು ಎತ್ತಿದೆ. ಆ ಹಲಗೆ ಎರಡು ಸರಪಳಿಯಲ್ಲಿ ತೂಗುತ್ತಿತ್ತು. ಸರಪಳಿ ಸಿಕ್ಕಿಸಿದ್ದು ತೊಲೆಯಲ್ಲಿರುವ ತೊಟ್ಟಿಲಿನ ಕೊಂಡಿಗಳಿಗೆ. ನಿಮ್ಮನ್ನು ತೂಗಿದ ಕೊಂಡಿಗಳು. ನಾನು ಮದುವೆಯಾಗಿ ಬಂದ ವರ್ಷ ಅತ್ತೆಯವರು ಅವಕ್ಕೆ ಎಣ್ಣೆ ಹಚ್ಚಿ, ಅರಿವೆ ಸುತ್ತಿ, ಮೊಮ್ಮಕ್ಕಳ ತೊಟ್ಟಿಲಿಗೆ ಬೇಕು, ಯಾರೂ ಮುಟ್ಟಬಾರದು ಎಂದಿದ್ದರು. ಏಳು ವರ್ಷ ನಾನು ಆ ಕೋಣೆ ಗುಡಿಸುವಾಗ ಮೇಲೆ ನೋಡದ ದಿನವಿಲ್ಲ. ಈ ಆಷಾಢದಲ್ಲಿ ಡಾಕ್ಟರು ಇನ್ನೂ ಆಸೆಯಿದೆ ಎಂದಾಗ ನೀವೂ ಪಕ್ಕದಲ್ಲೇ ಕೂತು ತಲೆಯಾಡಿಸಿದಿರಿ. ನೀವು ಆಸೆ ಬಿಟ್ಟದ್ದು ಯಾವಾಗ? ಬಿಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ. ನನ್ನೊಬ್ಬಳನ್ನೇ ಆಸೆಯಲ್ಲಿ ಬಿಟ್ಟಿರಿ, ಅದಕ್ಕೆ ಸಿಟ್ಟು. ಪತ್ರ ಬರೆಯಬೇಡಿರಿ. ಹೇಳುವುದಿದ್ದರೆ ಬಸ್ಸು ಹತ್ತಿ ಬಂದು ನನ್ನ ಮುಖ ನೋಡಿ ಹೇಳಿರಿ.