ಬೆಳ್ಳುಳ್ಳಿ ಇನ್ನೂ ಹಸಿ ಇತ್ತು

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಬಾಟಲಿಗಳನ್ನು ಕುದಿಸಿ ಟವೆಲ್ ಮೇಲೆ ಬೋರಲು ಹಾಕಿದೆ. ಅಮ್ಮ ಕುರ್ಚಿಯಲ್ಲಿ ಕೂತು ಉಸ್ತುವಾರಿ. ಆಪರೇಷನ್ ಆದದ್ದು ಸೊಂಟಕ್ಕೆ, ನಾಲಿಗೆಗಲ್ಲ.

"ಇಷ್ಟೆಲ್ಲ ಯಾಕೋ? ಒಂದು ಥ್ಯಾಂಕ್ಸ್ ಹೇಳಿದ್ರೆ ಸಾಲ್ದಾ?"

ಸಾಲದು. ಅಮ್ಮ ಆಸ್ಪತ್ರೆಯಲ್ಲಿದ್ದಾಗ, ಆಮೇಲೆ ಮನೆಯಲ್ಲಿ ಮಲಗಿದ್ದಾಗ, ನಮ್ಮ ಒಲೆ ಉರಿದದ್ದೇ ಅಪರೂಪ. ನಾಲ್ಕು ಮನೆಯ ಡಬ್ಬಿಗಳು ಬಂದವು — ಕೆಳಮನೆಯ ಟೀಚರ್, ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಮಾಲೀಕರು, ಅಂಗಡಿ ಎದುರಿನ ಡೆಂಟಿಸ್ಟ್, ಮತ್ತೆ ಅತ್ತಿಗೆ. ನಾಲ್ವರೂ ಅಡುಗೆ ಹುಚ್ಚಿನವರು. ಅಂಥವರಿಗೆ ಪೇಟೆಯ ಸ್ವೀಟ್ ಬಾಕ್ಸ್ ಕೊಟ್ಟು ಕೈತೊಳೆದುಕೊಳ್ಳುವುದು ಸರಿಯಲ್ಲ. ಅದಕ್ಕೇ ಬುಟ್ಟಿ. ಎಲ್ಲ ನನ್ನ ಕೈಯದೇ, ಎಲ್ಲ ಅವರ ಅಡುಗೆಗೆ ಆಗುವಂಥದ್ದು. ಒಣಸೊಪ್ಪು ಬೆರೆಸಿದ ಉಪ್ಪು. ಕಿತ್ತಳೆ ಸಿಪ್ಪೆಯ ಸಕ್ಕರೆ. ಹುರಿದು ಕುಟ್ಟಿದ ಮೆಣಸು. ಕೊನೆಗೆ ನನ್ನ ಹೆಮ್ಮೆ — ಬೆಳ್ಳುಳ್ಳಿ ಎಣ್ಣೆ. ಇಡೀ ಎಸಳುಗಳು, ಎಣ್ಣೆಯಲ್ಲಿ ಮುಳುಗಿ, ಬೆಳ್ಳಗೆ.

ಮಾಡುವಾಗ ಒಂದು ತೊಟ್ಟು ನೆಕ್ಕಿ ನೋಡಿದೆ, ಅಷ್ಟೇ. ಅಮ್ಮನಿಗೆ ಪಥ್ಯ, ಆದ್ದರಿಂದ ಮನೆಗೆ ಇಟ್ಟುಕೊಂಡಿಲ್ಲ.

ಮಾರ್ಚ್ 5, ಬುಧವಾರ

ಕೆಲಸಕ್ಕೆ ಹೋಗುವ ಮೊದಲೇ ನಾಲ್ಕೂ ಬುಟ್ಟಿ ಹಂಚಿದೆ. ಬಿರಡೆಯ ಮೇಲೆ ಬಟ್ಟೆ, ಬಟ್ಟೆಗೆ ಕೆಂಪು ದಾರ, ದಾರಕ್ಕೆ ಗಂಟು. ನನ್ನ ಗಂಟು ಬಿಚ್ಚಬೇಕಾದರೆ ಕತ್ತರಿ ಬೇಕು.

ಋಣ ತೀರಿತು ಎನ್ನಲಾರೆ. ಆದರೂ ಹಗುರಾಗಿದ್ದೇನೆ.

ಮಾರ್ಚ್ 9, ಭಾನುವಾರ

ಮೆಸೇಜುಗಳು! ಟೀಚರ್: "ಎಣ್ಣೆ ಅದ್ಭುತ. ಮನೆಯವರೆಲ್ಲ ಬೆರಳು ಚೀಪಿದರು." ಡೆಂಟಿಸ್ಟ್: "ಸೂಪರ್! ಎಲ್ಲಿ ಕಲಿತಿರಿ?" ಮಾಲೀಕರು ನಿನ್ನೆ ಗಿರಾಕಿಗಳ ಮುಂದೆಯೇ, "ಕನ್ನಡಕ ಬಿಟ್ಟು ಹೋಟೆಲ್ ಇಡಪ್ಪಾ" ಅಂದರು. ನೆಲದ ಮೇಲೆ ಕಾಲಿಲ್ಲ ನನಗೆ.

ಅತ್ತಿಗೆ ಮಾತ್ರ ತುಟಿಪಿಟಿಕ್ ಎಂದಿಲ್ಲ.

ಮಾರ್ಚ್ 15, ಶನಿವಾರ

ಅತ್ತಿಗೆ ಹೊಸ ಕನ್ನಡಕ ಒಯ್ಯಲು ಅಂಗಡಿಗೆ ಬಂದಿದ್ದರು. ಕಾಲಿಡಲು ಜಾಗವಿಲ್ಲದಷ್ಟು ಜನ. ಲೆನ್ಸ್ ಕೂರಿಸಿ, ಒರೆಸಿ, ಗಡಿಬಿಡಿಯಲ್ಲೇ ಕೈಗೆ ಕೊಟ್ಟೆ. ಹಾಕಿಕೊಂಡು ಹೊರಟವರು ಬಾಗಿಲ ಹತ್ತಿರ ತಿರುಗಿದರು.

"ನಿನ್ನ ಎಣ್ಣೆ... ಬೆಳ್ಳುಳ್ಳಿ ಇನ್ನೂ ಹಸಿ ಇತ್ತು ಕಣೋ. ಇನ್ನೊಂಚೂರು ಬಾಡಿಸ್ಬೇಕಿತ್ತು."

ಅಷ್ಟು ಜನರ ಮುಂದೆ! ಮಾಲೀಕರು ಕಿಸಕ್ಕೆಂದರು. ಮೈಯೆಲ್ಲ ಉರಿಯಿತು. ಎಲ್ಲರೂ ಹೊಗಳಿದ್ದರಲ್ಲಿ ಇವರಿಗೊಬ್ಬರಿಗೆ ಹುಳುಕು. ಮೊಸರಲ್ಲಿ ಕಲ್ಲು ಹುಡುಕುವುದೆಂದರೆ ಇದೇ. ಇನ್ನು ಆ ಮನೆಗೆ ಒಂದು ಚಿಟಿಕೆ ಉಪ್ಪನ್ನೂ ಕಳಿಸುವವನಲ್ಲ ನಾನು.

ಮಾರ್ಚ್ 16, ಭಾನುವಾರ, ಮಧ್ಯಾಹ್ನ

ಆಟೋ ಬರುವವರೆಗೆ ಬರೆಯುತ್ತೇನೆ, ಸುಮ್ಮನೆ ಕೂತರೆ ತಲೆ ಕೆಡುತ್ತದೆ.

ಡೆಂಟಿಸ್ಟ್ ಫೋನ್. "ಇವತ್ತು ನಿಮ್ಮ ಬುಟ್ಟಿ ಬಿಚ್ಚಿದೆ..." ಎಂದವರು ನಾಲಿಗೆ ಕಚ್ಚಿಕೊಂಡರು. ಹೋದ ವಾರ ಸೂಪರ್ ಅಂದಿದ್ದವರು ಇವರೇ. ನಾನು ನಗುವ ಮೊದಲೇ ಅವರ ದನಿ ಬದಲಾಯಿತು.

"ಈ ಎಣ್ಣೆನ ಫ್ರಿಜ್‌ನಲ್ಲಿ ಇಡಿ ಅಂತ ಎಲ್ರಿಗೂ ಹೇಳಿದ್ರಾ?"

"ಇಲ್ವಲ್ಲ... ಹೊರಗೇ ಇರ್ಲಿ ಅಂದೆ."

"ಅಯ್ಯೋ. ಹಸಿ ಬೆಳ್ಳುಳ್ಳಿ ಹೀಗೆ ಎಣ್ಣೆಲಿ ಮುಳುಗಿ ಹೊರಗಿದ್ರೆ ಒಳಗೊಳಗೇ ವಿಷ ಹುಟ್ಟಬಹುದು. ವಾಸನೆ ಬರಲ್ಲ, ಬಣ್ಣ ಬದಲಾಗಲ್ಲ. ಎಲ್ಲಾ ವಾಪಸ್ ತಗೊಳ್ಳಿ. ಯಾರಿಗಾದ್ರೂ ಎರಡೆರಡು ಕಾಣ್ತಿದೆ, ರೆಪ್ಪೆ ಜೋತು ಬೀಳ್ತಿದೆ, ನುಂಗಕ್ಕೆ ಆಗ್ತಿಲ್ಲ ಅಂದ್ರೆ ಕಾಯ್ಬೇಡಿ. ಸೀದಾ ಆಸ್ಪತ್ರೆ."

ಕಷ್ಟಕಾಲದಲ್ಲಿ ನಮಗೆ ಅನ್ನ ಕಳಿಸಿದವರು. ಅವರಿಗೆ ನಾನು ದಾರ ಕಟ್ಟಿ ಕೊಟ್ಟದ್ದು...

ಟೀಚರ್‌ಗೆ ಫೋನ್ ಹಚ್ಚಿದೆ. "ಎಣ್ಣೆ ಎಷ್ಟು ತಿಂದಿದೀರಿ?" ಅವರು ತಡವರಿಸಿದರು. "ಅದು... ಏನಂದ್ರೆ... ನೋಡೋಕೆ ಚೆನ್ನಾಗಿದೆ ಅಂತ ಶೋಕೇಸಲ್ಲಿ ಇಟ್ಟಿದೀನಿ." "ಮತ್ತೆ ಬೆರಳು ಚೀಪಿದ್ದು?" "ಹಾಗೇ, ಮಾತಿಗೆ ಹೇಳಿದ್ದು."

ಮಾಲೀಕರಂತೂ ಬುಟ್ಟಿಯನ್ನೇ ಎತ್ತಿಟ್ಟಿದ್ದಾರೆ. "ಬೀಗರು ಬರ್ತಾರಲ್ಲಪ್ಪಾ, ಅವರಿಗೆ ಕೊಟ್ಟರಾಯ್ತು ಅಂತ."

ಇಂಥ ಸುಳ್ಳುಗಾರರನ್ನು ಅಪ್ಪಿಕೊಳ್ಳಬೇಕೆನಿಸಿತು. ಯಾರೂ ತಿಂದಿಲ್ಲ! ದೇವರೇ, ಯಾರೂ ತಿಂದಿಲ್ಲ! ಅಂದುಕೊಳ್ಳುತ್ತಿರುವಾಗಲೇ ಹೊಳೆಯಿತು. ಒಬ್ಬರು ತಿಂದಿದ್ದಾರೆ. ಹಸಿ ಇತ್ತು ಎನ್ನಬೇಕಾದರೆ ಎಸಳು ಹಲ್ಲಿಗೆ ಸಿಕ್ಕಿರಲೇಬೇಕು.

ಅತ್ತಿಗೆ ಫೋನ್ ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ಆಮೇಲೆ ಅಣ್ಣನದೇ ಬಂತು.

"ಲೇ, ನಿಮ್ಮತ್ತಿಗೆಗೆ ನಿನ್ನೆಯಿಂದ ಎಲ್ಲಾ ಎರಡೆರಡು ಕಾಣ್ತಿದೆಯಂತೆ. ಮಲಗಿದಾಳೆ. ಅಂಗಡಿ ಇವತ್ತು ತೆಗ್ದಿದೆಯಾ?"

ಅಂಗಡಿಯಲ್ಲ, ಆಸ್ಪತ್ರೆಗೆ ಕರ್ಕೊಂಡು ಬಾ ಎಂದು ಕಿರುಚಿದೆ. ಆಟೋ ಬಂತು.

ಅದೇ ದಿನ, ಸಂಜೆ

ಉಸಿರಾಡುತ್ತಿದ್ದೇನೆ. ಮೊದಲು ಅದನ್ನು ಬರೆಯಬೇಕು — ಏನೂ ಆಗಿಲ್ಲ. ಏನೂ ಆಗಿಲ್ಲ!

ಆಸ್ಪತ್ರೆಯಲ್ಲಿ ಎಲ್ಲ ಬಾಯಿಬಿಟ್ಟೆ. ಅಣ್ಣ ನನ್ನನ್ನು ನುಂಗುವ ಹಾಗೆ ನೋಡಿದ. ಡಾಕ್ಟರು ಅತ್ತಿಗೆಗೆ ನೀರು ಕುಡಿಸಿದರು, ಕೈ ಎತ್ತಿಸಿದರು, ರೆಪ್ಪೆ ಮುಚ್ಚಿಸಿ ತೆರೆಸಿದರು.

"ಎಷ್ಟು ತಿಂದಿದೀರಿ?"

"ಪೂರ್ತಿ ಬಾಟಲಿ. ಮೊನ್ನೆ ಮುಗೀತು."

ಪೂರ್ತಿ!

ಡಾಕ್ಟರು ಟಾರ್ಚ್ ಆರಿಸಿದರು. "ಒಂದ್ನಿಮಿಷ ಕನ್ನಡಕ ತೆಗೀರಿ. ಈಗ ಈ ಬೆರಳು?"

"ಮಸುಕು. ಆದ್ರೆ ಒಂದೇ."

"ಹಾಕ್ಕೊಳ್ಳಿ."

"ಎರಡು."

"ತೆಗೀರಿ."

"ಒಂದು."

ಹಳೆಯ ಕನ್ನಡಕ ಅತ್ತಿಗೆಯ ಬ್ಯಾಗಿನಲ್ಲೇ ಇತ್ತು. ಅದನ್ನು ಹಾಕಿದರೆ ಸ್ಪಷ್ಟವಾಗಿ ಒಂದೇ ಬೆರಳು. ಡಾಕ್ಟರು ಹೊಸದನ್ನು ಬೆಳಕಿಗೆ ಹಿಡಿದು ಮುಖ ಕಿವಿಚಿದರು. "ಇದನ್ನ ಯಾವ ಮಹಾನುಭಾವ ಮಾಡಿಕೊಟ್ಟ?"

ಅಣ್ಣ, ಅತ್ತಿಗೆ ಇಬ್ಬರೂ ನನ್ನ ಕಡೆ ತಿರುಗಿದರು.

ಎಡಗಡೆ ಲೆನ್ಸಿನ ನಡುಭಾಗ ಮೇಲಕ್ಕೆ ಹೋಗಿ ಕೂತಿದೆ. ಶನಿವಾರದ ಗಡಿಬಿಡಿ. ಒಂದು ಕಣ್ಣು ಮೇಲಿನದನ್ನು, ಇನ್ನೊಂದು ಕೆಳಗಿನದನ್ನು ನೋಡಿದರೆ ಎರಡಾಗದೆ ಇನ್ನೇನು? ಇಷ್ಟು ವರ್ಷ ಇದೇ ಕೆಲಸ ಮಾಡಿ ಇದು! ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೆಂಚಿನ ಮೇಲೆ ಕುಸಿದು ಬಿದ್ದು ಬಿದ್ದು ನಕ್ಕೆ, ಕಣ್ಣಲ್ಲಿ ನೀರು ಬರುವವರೆಗೆ. ಅಣ್ಣನೂ ನಕ್ಕ, ಬೈಯುತ್ತಲೇ.

ವಿಷ ಏರಿದ ಲಕ್ಷಣ ಯಾವುದೂ ಇಲ್ಲ, ಆದರೂ ಇನ್ನೂ ಒಂದಷ್ಟು ದಿನ ಗಮನವಿರಲಿ ಅಂದಿದ್ದಾರೆ.

ಮಾರ್ಚ್ 17, ಸೋಮವಾರ

ಮೂರು ಬಾಟಲಿ ವಾಪಸ್ ಬಂದವು. ಮೂರರ ದಾರವೂ ಹಾಗೇ ಇದೆ, ಗಂಟಿಗೆ ಉಗುರು ಸಹ ಸೋಕಿಲ್ಲ. ಮುಚ್ಚಳ ತೆರೆಯದೆ ಚೀಲದಲ್ಲಿ ಕಟ್ಟಿ ಎಸೆದೆ. ಸ್ವಲ್ಪ ಅವಮಾನ, ಬೆಟ್ಟದಷ್ಟು ಸಮಾಧಾನ.

ಅತ್ತಿಗೆಗೆ ಲೆನ್ಸ್ ಸರಿಮಾಡಿ ಕೊಟ್ಟು ಬಂದೆ. ಬಾಗಿಲಲ್ಲೇ ಕೇಳಿದೆ, "ರೆಪ್ಪೆ ಹೇಗಿದೆ?"

"ನಿನ್ನ ಮುಖ ನೋಡಿ ಮುಚ್ಚಿಕೊಳ್ಳೋಣ ಅನ್ನಿಸ್ತಿದೆ," ಅಂದರು. ಹುಷಾರಾಗಿದ್ದಾರೆ.

ಮಾರ್ಚ್ 21, ಶುಕ್ರವಾರ

ಬೆಳಿಗ್ಗೆ ಫೋನ್, ಸಂಜೆ ಫೋನ್. "ನುಂಗಕ್ಕೆ ಆಗ್ತಿದೆಯಾ?" "ನಿನ್ನನ್ನ ಬಿಟ್ಟು ಎಲ್ಲಾ ನುಂಗ್ತಿದೀನಿ."

ಮಾರ್ಚ್ 30, ಭಾನುವಾರ, ಮಧ್ಯಾಹ್ನ

ಡಾಕ್ಟರು ಹೇಳಿದ ಗಡುವು ದಾಟಿತು. ಇನ್ನು ಭಯವಿಲ್ಲ. ನಿನ್ನೆ ಅವರೇ ಫೋನಿನಲ್ಲಿ ಹೇಳಿದರು. ರಾತ್ರಿ ಹೆಣದ ಹಾಗೆ ಮಲಗಿದೆ.

ಈಗ ಅಣ್ಣನ ಮನೆಯಲ್ಲಿದ್ದೇನೆ. ಅಮ್ಮನೂ ಕೋಲೂರಿಕೊಂಡು ಬಂದಿದ್ದಾಳೆ. ಅಡುಗೆ ನನ್ನದು, ಎಲ್ಲ ಬಿಸಿಬಿಸಿ, ಯಾವುದೂ ಬಾಟಲಿಯದಲ್ಲ. ಅನ್ನ ಬೇಯುವಷ್ಟರಲ್ಲಿ ಎರಡು ಸಾಲು.

ಬೆಳಿಗ್ಗೆ ತರಕಾರಿ ಹೆಚ್ಚುತ್ತಾ ಕೇಳಿಯೇಬಿಟ್ಟೆ. "ಅಷ್ಟು ಕೆಟ್ಟದಾಗಿತ್ತು ಅಂದ್ಮೇಲೆ ಬಾಟಲಿ ಯಾಕತ್ತಿಗೆ ಖಾಲಿ ಮಾಡಿದ್ರಿ?"

"ಕೆಟ್ಟದಾಗಿತ್ತು ಅಂದೆನಾ? ಹಸಿ ಇತ್ತು ಅಂದೆ." ಚಾಕು ನನ್ನ ಕೈಯಿಂದ ಕಿತ್ತುಕೊಳ್ಳುತ್ತಾ, "ಈ ಮನೆಗೆ ಬಂದಾಗಿಂದ ಎಲ್ಲರಿಗೂ ಬೇಯಿಸಿ ಹಾಕಿದೀನಿ ಕಣೋ. ನನಗೆ ಅಂತ ಒಬ್ರು ಒಲೆ ಹಚ್ಚಿದ್ದು ಅದೇ ಮೊದಲು. ಬಿಸಾಡಕ್ಕೆ ಮನಸ್ಸು ಬರುತ್ತಾ?"

ನಾನು ಚಾಕು ವಾಪಸ್ ಕಿತ್ತುಕೊಂಡೆ.

ಈಗ ಅವರನ್ನು ಊಟಕ್ಕೆ ಮೊದಲು ಕೂರಿಸಿದ್ದೇನೆ. ಏಳಕೂಡದು, ತಟ್ಟೆ ಮುಟ್ಟಕೂಡದು, ಬಡಿಸುವುದು ನಾನು ಎಂದು ಕಟ್ಟುನಿಟ್ಟಾಗಿ ಹೇಳಿದ್ದೇನೆ. ಅಮ್ಮ ಕಾವಲು. ಆದರೂ ಕುರ್ಚಿ ಸರಿದ ಸದ್ದು... ಎದ್ದರು ನೋಡು, ನೀರಿನ ಜಗ್ ತರಲು ಹೊರಟೇಬಿಟ್ಟರು. ಅತ್ತಿಗೆ, ಕೂತ್ಕೊಳ್ಳಿ! ಕೇಳುವವರಲ್ಲ. ಹೋಗಿ ಭುಜ ಹಿಡಿದು ಕೂರಿಸಿ ಬರು—