ಹದಿನೇಳನೆಯ ಸಾಲು

ಟೀಚರಮ್ಮನವರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಹಕ್ಕಿ ನೋಡುವ ನಡಿಗೆಗೆ ಮಗಳ ಜೊತೆ ಒಂದೇ ಸಲ ಬಂದಿದ್ದ ಬಸ್ ಕಂಡಕ್ಟರ್ ನಾನು. ಅವತ್ತು ಎಲ್ಲ ಮಕ್ಕಳೂ ಒಂದೊಂದು ಹಕ್ಕಿ ಗುರುತಿಸಿದ್ದರು, ನನ್ನವಳ ಪುಸ್ತಕ ಮಾತ್ರ ಖಾಲಿ. ಅವಳ ಮುಖ ನೋಡಲಾಗದೆ ಪೊದೆಯ ಹಿಂದೆ ಹೋಗಿ ಸಣ್ಣಗೆ ಸಿಳ್ಳೆ ಹಾಕಿದೆ. ನನ್ನ ಸಿಳ್ಳೆಗೆ ಅಲ್ಲಿಯತನಕ ಬಸ್ಸು ಮಾತ್ರ ನಿಲ್ಲುತ್ತಿತ್ತು. ಅವತ್ತು ನೀವೆಲ್ಲ ನಿಂತಿರಿ. ತನಗೇ ಮೊದಲು ಕೇಳಿಸಿತೆಂದು ಅವಳು ಕೈಯೆತ್ತಿದಳು. ಈ ಕಡೆ ಇಂಥ ಕೂಗು ಕೇಳಿದ್ದೇ ಇಲ್ಲವೆಂದು ನೀವು ಪಾರ್ಕಿನ ಹಕ್ಕಿಪಟ್ಟಿಯ ಬೋರ್ಡಿನಲ್ಲಿ, ಹದಿನೇಳನೆಯ ಸಾಲಿನಲ್ಲಿ, ಅವಳ ಹೆಸರು ಹಾಕಿ ಬರೆದಿರಿ. ನಾನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದೆ.

ಈಗ ಆ ಹಕ್ಕಿಗಾಗಿ ಹತ್ತು ಮನೆಯವರು ಮಕ್ಕಳನ್ನು ಕಟ್ಟಿಕೊಂಡು ಬೆಳಗ್ಗೆಯೇ ಬಂದು ಕೂರುತ್ತಾರಂತೆ.

ದಯವಿಟ್ಟು ಆ ಸಾಲು ಅಳಿಸಿಬಿಡಿ. ಆದರೆ ಬರುವ ಭಾನುವಾರದ ತನಕ ತಡೆಯಿರಿ. ರಜೆ ಹಾಕಿದ್ದೇನೆ, ಅವಳಿಗೆ ನಾನೇ ಹೇಳಬೇಕು. ಡ್ಯೂಟಿಯ ನೆಪದಲ್ಲಿ ನಾಲ್ಕು ವಾರ ತಪ್ಪಿಸಿಕೊಂಡೆ. ನಿನ್ನೆ ಅವಳೇ ನನಗೆ ಸಮಾಧಾನ ಹೇಳಿದಳು:

"ಬೇಜಾರ್ ಮಾಡ್ಕೋಬೇಡಪ್ಪ. ನೀನು ಬಂದಿಲ್ಲ ಅಂತ ಅದೂ ಕೂಗ್ತಿಲ್ಲ. ನಿನಗೋಸ್ಕರಾನೇ ಕಾಯ್ತಿದೆ."

ಇಂತಿ,
ಹದಿನೇಳನೆಯ ಸಾಲಿನವಳ ಅಪ್ಪ